ಯಾರುಂಡ ಜೋಳ, ಯಾರ ಪಾಳಿ

2019ರ ಆರಂಭದಲ್ಲಿ ನನ್ನ ಮಗ ಸಿಂಗಪುರದ ಭೂಸೇನೆಗೆ ಹೋದ. 'ಸೇರಿದ' ಎಂದು ಬರೆಯಲು ಕೈ ಬರುತ್ತಿಲ್ಲ. ಸೇರುವುದೆಂದರೆ ಸೇರದೆ ಇರುವುದಕ್ಕೂ ದಾರಿ ಇರಬೇಕು. ಇಲ್ಲಿ ಹದಿನೆಂಟು ತುಂಬಿದ ಗಂಡುಹುಡುಗರು ಎರಡು ವರ್ಷ ರಾಷ್ಟ್ರಸೇವೆ ಮಾಡಲೇಬೇಕು. ಪೌರರ ಮಕ್ಕಳಷ್ಟೇ ಅಲ್ಲ, ನಮ್ಮಂತೆ ಖಾಯಂ ವಾಸದ ಪರವಾನಗಿ, ಅಂದರೆ ಪಿ.ಆರ್. ಪಡೆದವರ ಗಂಡುಮಕ್ಕಳೂ ಮಾಡಬೇಕು. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ರೋಣದ ಹತ್ತಿರದ ನಮ್ಮೂರಿನಲ್ಲಿದ್ದ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಲ್ಲೋ ಯಪ್ಪಾ, ಯಾರ ನಾಡು ಕಾಯಾಕ ಹಚ್ಚೀದಿ ನನ್ನ ಮೊಮ್ಮಗನ್ನ?" ಎಂದು ಕೇಳಿದಳು.

ನಾನು ಏನೋ ಒಂದು ಉತ್ತರ ಹೇಳಿದೆ. ಎಲ್ಲರಿಗೂ ಇರುವ ಕಾಯಿದೆ, ಊಟ ವಸತಿ ಚೆನ್ನಾಗಿರುತ್ತದೆ, ಶಿಸ್ತು ಬರುತ್ತದೆ ಎಂದೆ. ಅವ್ವ ಕೇಳಿದ್ದು ಅದನ್ನಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಇಲ್ಲಿನ ಕಾಯಿದೆಯ ಹೊಲಿಗೆ ಹೀಗಿದೆ. ನಾನು ಉದ್ಯೋಗದ ಮೇಲೆ ಬಂದು ಪಿ.ಆರ್. ಆದವನು, ಆದ್ದರಿಂದ ನನಗೆ ಸೈನ್ಯದ ಹೊಣೆ ಇಲ್ಲ. ನನ್ನ ಹೆಸರಿನ ಆಸರೆಯಲ್ಲಿ ಪಿ.ಆರ್. ಆದ ಮಗನಿಗೆ ಇದೆ. ಮಗಳಿಗಿಲ್ಲ. 2004ರಲ್ಲಿ ನಾನು ಅರ್ಜಿಗೆ ಸಹಿ ಹಾಕಿದಾಗ ಅವನಿಗೆ ನಾಲ್ಕು ವರ್ಷ. ಪಕ್ಕದ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕೂತಿದ್ದ. ಆ ಸಹಿಯಿಂದ ನನಗೆ ಸಿಕ್ಕಿದ್ದು ಕಡಿಮೆಯಲ್ಲ. ಕೆಲಸ ಹೋದರೂ ಗಂಟು ಕಟ್ಟಬೇಕಿಲ್ಲ ಎಂಬ ಧೈರ್ಯ ಬಂತು, ಮಕ್ಕಳಿಗೆ ಶಾಲೆ ಸಿಕ್ಕಿತು, ಮುಂದೆ ಒಂದು ಮರುಮಾರಾಟದ ಫ್ಲ್ಯಾಟೂ ಆಯಿತು. ಇದಕ್ಕೆಲ್ಲ ಬೆಲೆ ಹದಿನಾಲ್ಕು ವರ್ಷದ ನಂತರ, ಬೇರೆಯವನ ಮೈಯಿಂದ ಎಂದು ಗೊತ್ತಿದ್ದೇ ಸಹಿ ಹಾಕಿದೆ. ಆಗ ಹದಿನಾಲ್ಕು ವರ್ಷ ಬಹಳ ದೂರ ಕಾಣುತ್ತಿತ್ತು. ಸೇವೆಗೆ ಮೊದಲೇ ಪಿ.ಆರ್. ಬಿಟ್ಟುಕೊಟ್ಟು ಹೋಗುವವರಿದ್ದಾರೆ, ಅಂಥ ಹುಡುಗ ಮುಂದೆ ಇಲ್ಲಿ ಓದಲೋ ದುಡಿಯಲೋ ಅರ್ಜಿ ಹಾಕಿದರೆ ಅದೇ ಅವನಿಗೆ ಮುಳುವಾಗುತ್ತದೆ. ಬಿಡದೆಯೂ ಹೋಗದೆಯೂ ಇದ್ದರೆ ಹತ್ತು ಸಾವಿರ ಡಾಲರಿನವರೆಗೆ ದಂಡ, ಇಲ್ಲವೇ ಮೂರು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರೂ ಬಿಡುಗಡೆ ಇಲ್ಲ. ಧರ್ಮದ ಕಾರಣಕ್ಕೆ ಕೋವಿ ಹಿಡಿಯಲೊಲ್ಲದ ಯೆಹೋವನ ಸಾಕ್ಷಿಗಳ ಪಂಥದ ಹುಡುಗರು ಇಲ್ಲಿ ಸೆರೆಮನೆ ಕಂಡಿದ್ದಾರೆ.

ನಮ್ಮೂರ ಹನುಮಪ್ಪನ ಗುಡಿಯ ಬಳಿ ಒಂದು ವೀರಗಲ್ಲು ವಾಲಿಕೊಂಡು ನಿಂತಿದೆ. ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಚಿಕ್ಕಂದಿನಲ್ಲಿ ಅದರ ಮೇಲೆ ಹತ್ತಿ ಬೈಸಿಕೊಂಡವನು ನಾನು. ಅಂಥ ಕಲ್ಲುಗಳ ಹಿಂದೆ ಒಂದು ನೀತಿ ಇತ್ತೆಂದು ತಿಳಿದದ್ದು ಕಾಲೇಜಿನಲ್ಲಿ, ಪಂಪನ ಕರ್ಣನನ್ನು ಓದುವಾಗ. ಜೋಳದ ಪಾಳಿ, ಜೋಳವಾಳಿ ಎಂದು ಅದರ ಹೆಸರು: ಉಂಡ ಅನ್ನಕ್ಕೆ ನಡೆದುಕೊಳ್ಳಬೇಕಾದ ಕ್ರಮ. ತಾನು ಯಾರ ಮಗನೆಂದು ಕೃಷ್ಣನಿಂದ ಗೊತ್ತಾದ ಮೇಲೂ ಕರ್ಣ ದುರ್ಯೋಧನನನ್ನು ಬಿಡುವುದಿಲ್ಲ. ಹುಟ್ಟಿಸಿದವರಿಗಿಂತ ಹೊರೆದವನು ದೊಡ್ಡವನು ಎಂಬ ಲೆಕ್ಕ. ಹೊರನಾಡಿಗೆ ಬಂದವರಿಗೆ ಈ ಕರ್ಣ ಬಹಳ ಬೇಗ ಹತ್ತಿರವಾಗುತ್ತಾನೆ. ಸಂಘದ ವೇದಿಕೆಗಳಲ್ಲಿ 'ಜನ್ಮಭೂಮಿ, ಕರ್ಮಭೂಮಿ' ಎಂದು ನಾವು ಎರಡಕ್ಕೂ ಹಾರ ಹಾಕುತ್ತೇವಲ್ಲ, ಅದೂ ಇದರದೇ ಅಗ್ಗದ ರೂಪ.

ಆದರೆ ಕರ್ಣ ತಾನು ಉಂಡದ್ದಕ್ಕೆ ತಾನೇ ತೆತ್ತ. ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಮಾತು ಬರುತ್ತದೆ. ಕಾದಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ ಅದು. ಅಪ್ಪ ನೆತ್ತರು ಕೊಡುತ್ತಾನೆ, ಮಗನಿಗೆ ಹೊಲ ಸಿಗುತ್ತದೆ. ನಮ್ಮ ಮನೆಯಲ್ಲಿ ಅದು ತಿರುಗುಮುರುಗಾಯಿತು. ಹೊಲ ಮೊದಲೇ ನನಗೆ ಸಿಕ್ಕಿತು, ತೆರಬೇಕಾದವನು ಮಗ. ಇಂಥದ್ದಕ್ಕೆ ಯಾವ ಶಾಸನದಲ್ಲಾದರೂ ಹೆಸರಿದೆಯೋ ಇಲ್ಲವೋ, ನನಗಂತೂ ಕಂಡಿಲ್ಲ.

ಇಲ್ಲಿನ ಒಬ್ಬ ಗೆಳೆಯರಿಗೆ ಈ ಋಣದ ಮಾತೇ ಆಗುವುದಿಲ್ಲ. "ತೆರಿಗೆ ಕಟ್ಟಿದ್ದೀವಿ, ದುಡಿದಿದ್ದೀವಿ, ಲೆಕ್ಕ ಚುಕ್ತಾ. ಯಾರೂ ಯಾರಿಗೂ ಧರ್ಮಕ್ಕೆ ಉಣಿಸಿಲ್ಲ" ಎನ್ನುತ್ತಾರೆ. ಅವರ ಮಗ ಹದಿನೈದಕ್ಕೇ ಪಿ.ಆರ್. ಬಿಟ್ಟು ಬೇರೆ ದೇಶಕ್ಕೆ ಓದಲು ಹೋದ. ಅವರನ್ನು ಬೈಯುವವರ ಜೊತೆ ನಾನು ಸೇರಲಾರೆ. ಅವರು ಮಗನ ಪರವಾಗಿ ಇನ್ನೊಂದು ಬಗೆಯ ಸಹಿ ಹಾಕಿದರು, ಅಷ್ಟೇ. ಆ ಹುಡುಗನನ್ನೂ ಯಾರೂ ಕೇಳಿದಂತಿಲ್ಲ. ಆದರೆ ಚುಕ್ತಾ ಎಂಬ ಮಾತು ನನಗೆ ಹಿಡಿಸುವುದಿಲ್ಲ. ಇಲ್ಲಿನ ಪೊಲೀಸ್ ಇಲಾಖೆಯಲ್ಲಿ 1949ರಿಂದಲೂ ನೇಪಾಳದ ಗೂರ್ಖಾ ಪಡೆ ಇದೆ. ಕೋವಿ ಹಿಡಿದು ಈ ನಾಡನ್ನು ಕಾಯುತ್ತಾರೆ, ಸಂಬಳ ಪಡೆಯುತ್ತಾರೆ, ನಿವೃತ್ತರಾದ ಮೇಲೆ ಸಂಸಾರ ಸಮೇತ ನೇಪಾಳಕ್ಕೆ ಮರಳಬೇಕು. ಅದು ಚುಕ್ತಾ ಲೆಕ್ಕ. ಕಾವಲು ಅವರದು, ನೆಲ ಅವರದಲ್ಲ. ನಾನು ಪಡೆದದ್ದು ಅಂಥ ಲೆಕ್ಕವಲ್ಲ. ಕೆಲಸ ಮುಗಿಯಿತೆಂಬ ಮಾತ್ರಕ್ಕೆ ಹೋಗೆಂದು ಹೇಳದ ಒಂದು ಜಾಗ.

ಹಾಗಾದರೆ ಆ ಜಾಗ ನನ್ನ ಮಗನಿಂದ ಕೇಳಿದ್ದೇನು? ಇದು ತಿಳಿಯಲು ಈ ಸೈನ್ಯದ ಕಟ್ಟಡವನ್ನು ಸ್ವಲ್ಪ ನೋಡಬೇಕು. 1965ರ ಆಗಸ್ಟ್ 9ರಂದು ಮಲೇಷಿಯಾದಿಂದ ಬೇರ್ಪಟ್ಟಾಗ ಈ ದ್ವೀಪಕ್ಕೆ ಎರಡೇ ಪದಾತಿ ಬೆಟಾಲಿಯನ್‌ಗಳಿದ್ದವು. ಬೆಂಗಳೂರಿನಷ್ಟು ಅಗಲದ ದೇಶ. ಹಿಂದೆ ಸರಿದು ಹೋರಾಡುತ್ತೇವೆಂದರೆ ಸರಿಯಲು ಹಿಂದೆ ನೆಲವೇ ಇಲ್ಲ. ಸಂಬಳದ ದೊಡ್ಡ ಸೈನ್ಯವನ್ನು ಸಾಕಲು ಜನವೂ ಇಲ್ಲ, ಹಣವೂ ಇಲ್ಲ. ರಕ್ಷಣಾ ಮಂತ್ರಿ ಗೋ ಕೆಂಗ್ ಸ್ವೀ ಅವರ ಕಾಲದಲ್ಲಿ, 1967ರ ಮಾರ್ಚಿನಲ್ಲಿ, ಕಡ್ಡಾಯ ಸೇವೆಯ ಕಾಯಿದೆ ಬಂತು. ಕಲಿಸಲು ಇಸ್ರೇಲಿನವರು ಬಂದರು. ಅಕ್ಕಪಕ್ಕದ ಮುಸ್ಲಿಂ ದೇಶಗಳು ಮುನಿಯಬಾರದೆಂದು ಅವರನ್ನು ಮೆಕ್ಸಿಕನ್ನರು ಎಂದು ಕರೆಯುತ್ತಿದ್ದರಂತೆ.

ಈಗ ಏಳು ಜನರ ಸೆಕ್ಷನ್, ಮೂರು ಸೆಕ್ಷನ್ನಿಗೆ ಒಂದು ಪ್ಲಟೂನು, ಮೇಲೆ ಕಂಪನಿ, ಬೆಟಾಲಿಯನ್, ಬ್ರಿಗೇಡ್. ತುದಿಯಲ್ಲಿ 3, 6, 9 ಎಂಬ ಸಂಖ್ಯೆಯ ಮೂರು ಸಮ್ಮಿಶ್ರ ಡಿವಿಷನ್‌ಗಳು. ದ್ವೀಪದೊಳಗಿನ ಮುಖ್ಯ ಸ್ಥಾವರಗಳನ್ನು ಕಾಯುವ ಜನರಕ್ಷಣಾ ಪಡೆ ಬೇರೆ. ನೋಡಲು ಎಲ್ಲ ಸೈನ್ಯಗಳ ಹಾಗೆಯೇ. ಒಳಗಿನ ತಿರುಳು ಮಾತ್ರ ಬೇರೆ. ಸಂಬಳದ ಸೈನಿಕರು ಕಡಿಮೆ, ಎರಡು ವರ್ಷದ ಹುಡುಗರು ಅವರಿಗಿಂತ ಹೆಚ್ಚು, ಎಲ್ಲರಿಗಿಂತ ಹೆಚ್ಚು ಮೀಸಲಿನವರು. ಎರಡು ವರ್ಷ ಮುಗಿಸಿದವನು ಮುಂದೆ ಹತ್ತು ಆವರ್ತ, ವರ್ಷಕ್ಕೆ ನಲವತ್ತು ದಿನದವರೆಗೆ, ಕರೆದಾಗ ಬರಬೇಕು. ಹೊಣೆ ನಲವತ್ತರ ವಯಸ್ಸಿನವರೆಗೆ, ಅಧಿಕಾರಿಗಳಿಗೆ ಐವತ್ತು. ಕರೆಯುವ ಅಭ್ಯಾಸವೂ ಆಗಾಗ ನಡೆಯುತ್ತದೆ. ಟಿವಿಯಲ್ಲಿ, ಸಿನಿಮಾ ಮಂದಿರದಲ್ಲಿ ಸಂಕೇತಪದಗಳು ಮೂಡುತ್ತವೆ. ತಮ್ಮ ದಳದ್ದು ಕಂಡವರು ಮೂಟೆ ಹೊತ್ತು ಹೊರಡುತ್ತಾರೆ. ಬ್ಯಾಂಕಿನವನು, ಟ್ಯಾಕ್ಸಿಯವನು, ಮೇಷ್ಟ್ರು ಎಲ್ಲರೂ ಸೇರಿ ಸೈನ್ಯವಾಗುತ್ತಾರೆ. ಕವಾಯತಿನ ಆಜ್ಞೆಗಳು ಮಲಯ್ ಭಾಷೆಯಲ್ಲಿ. 'ಸೆದಿಯಾ' ಎಂದರೆ ಸಾವಧಾನ್. ನಿಷ್ಠೆಗೆ ಆ ಭಾಷೆಯ ಮಾತು 'ಸೆತಿಯಾ', ಅದು ನಮ್ಮ ಸತ್ಯವೇ.

ಗುರಿ ಏನೆಂದರೆ ಮೊದಲು ಯುದ್ಧವೇ ಆಗದಂತೆ ನೋಡುವುದು: ರಾಜತಂತ್ರದಿಂದ, ಮೈಮೇಲೆ ಬಂದರೆ ದುಬಾರಿಯಾದೀತು ಎಂಬ ಅಂಜಿಕೆಯಿಂದ. ಅದು ಕೈಕೊಟ್ಟರೆ ಬೇಗ, ಖಚಿತವಾಗಿ ಗೆಲ್ಲುವುದು. ಅಂದರೆ ಏನೂ ಆಗದೆ ಇರುವುದೇ ಈ ಸೈನ್ಯದ ಗೆಲುವು. ಹೊಲದ ಬೆದರುಗೊಂಬೆಗೆ ಇರುವ ಗೌರವವೂ ಇಂಥದ್ದೇ, ಹಕ್ಕಿ ಬರದ ದಿನ ಅದನ್ನು ಯಾರೂ ನೆನೆಯುವುದಿಲ್ಲ. ಹಾಗೆಂದು ಇದು ಬರೀ ತೋರಿಕೆಯ ಆಟವಲ್ಲ. ಯುದ್ಧವಿಲ್ಲದಿದ್ದರೂ ತರಬೇತಿಯಲ್ಲಿ ಸತ್ತ ಹುಡುಗರಿದ್ದಾರೆ. ನನ್ನ ಮಗ ಹೋದ ದಿನಗಳಲ್ಲೇ ಅಂಥ ಒಂದು ಸಾವು ಊರನ್ನೆಲ್ಲ ಅಲುಗಿಸಿತ್ತು. ನನ್ನ ಹೆಂಡತಿ ಆ ವಾರ ನನ್ನೊಡನೆ ಮಾತಾಡಲಿಲ್ಲ.

ಸೇರುವ ದಿನ ತಂದೆತಾಯಿಯರೂ ಜೊತೆಗೆ ಹೋಗಬಹುದು. ಚಾಂಗಿಯ ಕಡೆಯಿಂದ ದೋಣಿಯಲ್ಲಿ ಟೆಕಾಂಗ್ ದ್ವೀಪಕ್ಕೆ ಕರೆದೊಯ್ದರು. ಮಲಗುವ ಕೋಣೆ, ಮಂಚ, ಬೀರು ತೋರಿಸಿದರು. ಆಮೇಲೆ ಸೈನ್ಯದ ಊಟದ ಮನೆಯಲ್ಲಿ ಮಕ್ಕಳೊಂದಿಗೆ ನಮಗೂ ಊಟ. ಸಸ್ಯಾಹಾರಕ್ಕೆ ಬೇರೆ ಸಾಲು. ಮಗ ಬೇಗ ಬೇಗ ಉಂಡ. ನಾನು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತೆ. ನಿನ್ನ ಪಾಲಿನ ಅನ್ನವನ್ನೂ ಉಂಡು ಹೋಗು ಎಂದು ಆ ಸರ್ಕಾರ ನನ್ನನ್ನು ಕರೆದಂತಿತ್ತು. ಎದ್ದು ಬರುವಾಗ ತಟ್ಟೆಯಲ್ಲಿ ಅಗುಳು ಬಿಟ್ಟಿರಲಿಲ್ಲ. ಚೆಲ್ಲುವುದು ನಮ್ಮ ಮನೆತನದಲ್ಲಿ ಇಲ್ಲ.

ಋಣದ ಮಾತು ಎಷ್ಟು ಜಾರುವಂಥದ್ದು ಎಂಬುದಕ್ಕೆ ಈ ಊರಿನಲ್ಲೇ ಒಂದು ಜಾಗವಿದೆ. ನಾವು ಕರಿಬೇವು, ಬದನೆಕಾಯಿ ತರಲು ಹೋಗುವ ಲಿಟಲ್ ಇಂಡಿಯಾದ ಪಕ್ಕದಲ್ಲೇ ಫಾರರ್ ಪಾರ್ಕ್. 1942ರ ಫೆಬ್ರವರಿ 15ರಂದು ಬ್ರಿಟಿಷರು ಜಪಾನೀಯರಿಗೆ ಶರಣಾದರು. 17ರಂದು ಅವರ ಸೈನ್ಯದ ಸಾವಿರಾರು ಭಾರತೀಯ ಸಿಪಾಯಿಗಳನ್ನು ಆ ಮೈದಾನದಲ್ಲಿ ಕೂಡಿಸಿ ಒಪ್ಪಿಸಿಬಿಟ್ಟರು. ಅಲ್ಲೇ ಮೋಹನ್ ಸಿಂಗ್ ಅವರಿಗೆ ಕರೆ ಕೊಟ್ಟರು: ಭಾರತದ ಬಿಡುಗಡೆಗೆ ಬನ್ನಿ ಎಂದು. ಬ್ರಿಟಿಷರ ಉಪ್ಪು ಉಂಡು ಆಣೆ ಮಾಡಿದವರು ಅವರು. ಆ ಉಪ್ಪು ತಮ್ಮ ನೆಲದಿಂದಲೇ ದೋಚಿದ್ದು ಎಂಬುದೂ ಗೊತ್ತಿದ್ದವರು. ಕೆಲವರು ಹೋದರು, ಕೆಲವರು ಒಲ್ಲೆವೆಂದರು. ಒಲ್ಲೆನೆಂದವರಲ್ಲಿ ಎಷ್ಟೋ ಜನರನ್ನು ಜಪಾನೀಯರು ನ್ಯೂಗಿನಿಯ ಕಡೆಗೆ ಕೂಲಿಗೆ ಸಾಗಿಸಿದರು. ಬಹಳಷ್ಟು ಮಂದಿ ಮರಳಲಿಲ್ಲ. ಇವರಲ್ಲಿ ಜೋಳದ ಪಾಳಿಗೆ ನಡೆದವರು ಯಾರು? ಎರಡು ಕಡೆಯವರೂ ತಾವೇ ಎನ್ನಬಹುದಿತ್ತು. ನನಗೆ ಮುಖ್ಯವಾಗಿ ಕಾಣುವುದು, ಅಂಥ ದಿಕ್ಕೆಟ್ಟ ಹೊತ್ತಿನಲ್ಲೂ ಅವರವರ ಪಾಳಿಯನ್ನು ಅವರವರೇ ಗೊತ್ತುಮಾಡಿಕೊಂಡರು ಎಂಬುದು. ಅವರ ಅಪ್ಪಂದಿರು ಊರಲ್ಲಿದ್ದರು.

2020ರ ಏಪ್ರಿಲ್‌ನಲ್ಲಿ ಕೊರೋನಾ ಇಲ್ಲಿನ ಹೊರದೇಶದ ಕೂಲಿಕಾರರ ವಸತಿಗಳಿಗೆ ನುಗ್ಗಿತು. ಅಷ್ಟರಲ್ಲಾಗಲೇ ಸೈನ್ಯ ಮನೆಮನೆಗೆ ಹಂಚಲು ಐವತ್ತೆರಡು ಲಕ್ಷ ಮಾಸ್ಕ್‌ಗಳನ್ನು ಪೊಟ್ಟಣ ಕಟ್ಟಿತ್ತು. ಈಗ ವಸತಿಗಳಿಗೆ ಸೈನಿಕರನ್ನು ಕಳಿಸಿದರು. ಮಗನ ಪಾಲಿಗೂ ಅದು ಬಂತು. ಬೀಗ ಬಿದ್ದ ಕಟ್ಟಡಗಳಿಗೆ ಊಟ ಎಣಿಸಿ ಒಯ್ಯುವ ಕೆಲಸ. ಒಳಗಿದ್ದವರು ತಮಿಳುನಾಡಿನವರು, ಬಾಂಗ್ಲಾದೇಶದವರು. ಈ ಊರನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದವರು, ಎಷ್ಟು ವರ್ಷ ದುಡಿದರೂ ಅವರಿಗೆ ಪಿ.ಆರ್. ಇಲ್ಲ. ಅವರ ಮಕ್ಕಳನ್ನು ಈ ಸೈನ್ಯ ಎಂದೂ ಕರೆಯುವುದಿಲ್ಲ. ಯಾರದೋ ನಾಡು ಕಾಯಲು ಹೋದ ಹುಡುಗ ಕೊನೆಗೆ ಆ ನಾಡು ಸೇರಿಸಿಕೊಳ್ಳದವರ ಬಾಗಿಲಲ್ಲಿ ಅನ್ನದ ಪೊಟ್ಟಣ ಹಿಡಿದು ನಿಂತ. ಒಬ್ಬ ಮುದುಕಪ್ಪ ಇವನ ಮುಖ ನೋಡಿ ಯಾವ ಊರು ಎಂದು ತಮಿಳಿನಲ್ಲಿ ಕೇಳಿದನಂತೆ. ಇವನಿಗೆ ಅರ್ಥವಾಯಿತು, ಏನು ಹೇಳಬೇಕೆಂದು ತಿಳಿಯಲಿಲ್ಲವಂತೆ.

ಸೇವೆ ಮುಗಿಸಿ ಬಂದ ಮೇಲೆ ಒಂದು ಸಂಜೆ ಅವನಿಗೆ ಕರ್ಣನ ಕತೆ, ಜೋಳದ ಪಾಳಿ ಎಲ್ಲ ಹೇಳಿದೆ. ನಮ್ಮ ಮನೆಯ ಋಣ ನೀನು ತೀರಿಸಿದಿ ಎಂದೆ. ಗಂಟಲು ಕಟ್ಟಿತ್ತು, ಎರಡು ವರ್ಷ ಆ ಮಾತನ್ನು ಮನಸ್ಸಿನಲ್ಲೇ ತಿದ್ದಿದ್ದೆ. ಅವನು ಕೇಳಿಸಿಕೊಂಡು, "ಉಂಡವರು ನೀವಲ್ಲಾ ಅಪ್ಪಾ? ನೀವ್ಯಾಕ ಹೋಗಲಿಲ್ಲ?" ಎಂದ. ಕುಹಕವಿರಲಿಲ್ಲ, ಸುಮ್ಮನೆ ಕೇಳಿದ್ದು.

ನಮಗೆಲ್ಲಿ ಅವಕಾಶ ಎಂದೆ. ಅದು ಸುಳ್ಳು. 2014ರಲ್ಲಿ ಸರ್ಕಾರ ಒಂದು ಸ್ವಯಂಸೇವಕ ಪಡೆ ಮಾಡಿತು. ಹೆಂಗಸರು, ಹೊಸದಾಗಿ ಪೌರರಾದವರು, ನನ್ನಂಥ ಮೊದಲ ತಲೆಮಾರಿನ ಪಿ.ಆರ್.ಗಳು ಸೇರಬಹುದು, ವಯಸ್ಸು ನಲವತ್ತೈದರೊಳಗಿರಬೇಕು. ನನಗಾಗ ನಲವತ್ತೆರಡು. ಪತ್ರಿಕೆಯಲ್ಲಿ ಓದಿದೆ. ಎರಡು ವಾರದ ಮೂಲ ತರಬೇತಿ ಎಂದಿತ್ತು. ಬೆನ್ನು ನೋವು, ಆಫೀಸಿನ ಕೆಲಸ, ಈ ವಯಸ್ಸಿನಲ್ಲಿ ಹುಡುಗರ ಜೊತೆ ಏನು ಓಟ ಎಂದುಕೊಂಡು ಪುಟ ತಿರುವಿದೆ. ಆ ದಿನ ನನಗೆ ಋಣವೂ ನೆನಪಾಗಲಿಲ್ಲ, ಕರ್ಣನೂ ನೆನಪಾಗಲಿಲ್ಲ. ಮಗ ದೋಣಿ ಹತ್ತಿದ ದಿನವಷ್ಟೇ ಇಬ್ಬರೂ ಬಂದರು. ಉಪಕಾರ ಉಂಡವನು ನಾನು. ಅದು ಇನ್ನೂ ನನ್ನ ಲೆಕ್ಕದಲ್ಲೇ ಇದೆ. ಅವನು ಮಾಡಿದ್ದನ್ನು ನನ್ನ ಖಾತೆಗೆ ಜಮಾ ಮಾಡಿಕೊಳ್ಳಲು ನನಗೆ ಅಧಿಕಾರವಿಲ್ಲ.

ಅವನು ಈಗ ಇಲ್ಲಿನ ಪೌರ. ಗುಲಾಬಿ ಬಣ್ಣದ ಕಾರ್ಡು. ಈ ಸಲ ಸಹಿ ಅವನೇ ಹಾಕಿದ. ನನ್ನದು ಹಳೆಯ ನೀಲಿ ಕಾರ್ಡೇ, ಭಾರತದ ಪಾಸ್‌ಪೋರ್ಟೇ, ಬೇರು ಎನ್ನುತ್ತೇನೆ. ಕಳೆದ ತಿಂಗಳು ಅವನಿಗೆ ಮೀಸಲಿನ ಕರೆ ಬಂತು. ಅವನ ಸೆಕ್ಷನ್ನಿನ ಹಳೆಯ ಹುಡುಗರಲ್ಲಿ ನಾಲ್ವರು ಮತ್ತೆ ಕೂಡುತ್ತಾರಂತೆ, ಒಬ್ಬನಿಗೆ ಆಗಲೇ ಮಗುವಾಗಿದೆ. ಅವ್ವನಿಗೆ ಫೋನು ಹಚ್ಚಿಕೊಟ್ಟೆ. "ಮತ್ತ ಹೊಂಟಿ ಏನೋ?" ಎಂದು ಕೇಳಿದಳು. "ಹೂಂ ಅಜ್ಜಿ, ಹತ್ತ ದಿನ." ಈ ಸಲ ಯಾರ ನಾಡು ಎಂದು ಕೇಳಲಿಲ್ಲ. ಉಣ್ಣಾಕ ರೊಟ್ಟಿ ಕೊಡ್ತಾರೇನು ಎಂದಳು. ಅನ್ನ ಕೊಡ್ತಾರ ಎಂದು ಹೇಳಿ ಅವನು ಬೂಟಿನ ಲೇಸು ಹುಡುಕಲು ಒಳಗೆ ಹೋದ.