ಜೇಜುರಿಯ ಮೆಟ್ಟಿಲುಗಳಲ್ಲಿ ಕರುಣೆಯ ವಿಚಾರ

ಪುಣೆ–ಮಿರಜ್ ರೈಲುಮಾರ್ಗದಲ್ಲಿ, ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಜೇಜುರಿಯು ಕನ್ನಡಿಗರಿಗೆ ಪರಸ್ಥಳವಲ್ಲ. ನಮ್ಮ ನಾಡಿನಲ್ಲಿ ಮೈಲಾರಲಿಂಗನೆಂದು ಪೂಜೆಗೊಳ್ಳುವ ದೇವನೇ ಅಲ್ಲಿ ಖಂಡೋಬನೆಂಬ ಹೆಸರಿನಿಂದ ಗುಡ್ಡದ ಮೇಲೆ ನೆಲೆಸಿದ್ದಾನೆ. ಭಂಡಾರವನ್ನು ಎರಚುತ್ತ ಮರಾಠಿ ಭಕ್ತರು ಮಾಡುವ 'ಯೇಳಕೋಟ' ಎಂಬ ಉದ್ಘೋಷದಲ್ಲಿ ನಮ್ಮ 'ಏಳು ಕೋಟಿ'ಯ ದನಿ ಕೇಳಿಬರುತ್ತದೆ. ಅದು ಬೇರೊಂದು ಲೇಖನಕ್ಕೆ ವಸ್ತುವಾದೀತು. ಇಲ್ಲಿ ನಾವು ವಿಚಾರಿಸಬೇಕೆಂದಿರುವುದು ಆ ಗುಡ್ಡವನ್ನು ಏರುವವರ ಮನಸ್ಸನ್ನು.

ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿಯು ಕರ್ಹಾ ನದಿಗೆ ಹೊರಡುವಾಗ ಅಲ್ಲಿ ಸೇರುವ ಜನಸಂದಣಿ ಅಪಾರವಾದದ್ದು. ಎಲ್ಲ ಕ್ಷೇತ್ರಗಳಲ್ಲಿಯೂ ಇರುವಂತೆ ಅಲ್ಲಿಯೂ ಕೈಚಾಚಿ ಕುಳಿತವರಿರುತ್ತಾರೆ. ಏರುವ ಭಕ್ತನು ಒಬ್ಬರಿಗೆ ನಾಣ್ಯವನ್ನು ಹಾಕುತ್ತಾನೆ, ಮತ್ತೊಬ್ಬರನ್ನು ನೋಡದವನಂತೆ ದಾಟುತ್ತಾನೆ. ಕೂಸನ್ನೆತ್ತಿಕೊಂಡ ತಾಯಿಯನ್ನು ಕಂಡರೆ ಕೈ ಜೇಬಿಗೆ ಹೋಗುತ್ತದೆ. ವ್ರಣಪೀಡಿತನನ್ನು ಕಂಡರೆ ಕಾಲು ಪಕ್ಕಕ್ಕೆ ಸರಿಯುತ್ತದೆ. ಹೆಚ್ಚಿನ ಕಷ್ಟ ಎರಡನೆಯವನದೇ ಇರಬಹುದು. ಆದರೆ ಅಲ್ಲಿ ಕರುಣೆಗಿಂತ ಮೊದಲು ಜುಗುಪ್ಸೆಯು ಬಂದು ದಾರಿಯನ್ನು ಕಟ್ಟಿರುತ್ತದೆ. ಜೊತೆಯಲ್ಲಿ ಬೀಗರಿದ್ದರೆ ಲಜ್ಜೆಯಿಂದಲಾದರೂ ಒಂದು ನೋಟು ಹೊರಬರುತ್ತದೆ. ಹರಕೆ ತೀರಿಸಿ ಇಳಿಯುವವನಲ್ಲಿ ಏರುವವನಿಗಿಂತ ಔದಾರ್ಯವು ಅಧಿಕವಾಗಿರುತ್ತದೆ. ಅದು ಕೃತಜ್ಞತೆಯ ಫಲ.

ಇವೆಲ್ಲಕ್ಕಿಂತ ಪ್ರಬಲವಾದುದು ಅವಸರ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಆಸ್ತಿಕರಾದ ನಮ್ಮೆಲ್ಲರ ಕಿವಿಗೂ ಬೀಳಬೇಕಾದದ್ದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ವಿದ್ವಾಂಸರು, ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಉಪನ್ಯಾಸ ಮಾಡಲೆಂದು ಮತ್ತೊಂದು ಕಟ್ಟಡಕ್ಕೆ ಕಳುಹಿಸಿದರು. ದಾರಿಯಲ್ಲಿ ಒಬ್ಬನು ಕುಸಿದು ಕುಳಿತು ಕೆಮ್ಮುತ್ತಿದ್ದನು. ಸಾಕಷ್ಟು ಸಮಯವಿದ್ದವರಲ್ಲಿ ನೂರಕ್ಕೆ 63 ಮಂದಿ ಅವನಿಗೆ ನೆರವಾದರೆ, ತಡವಾಯಿತೆಂದು ಓಡುತ್ತಿದ್ದವರಲ್ಲಿ ನೂರಕ್ಕೆ 10 ಮಂದಿ ಮಾತ್ರ ನೆರವಾದರು. ಅರ್ಧದಷ್ಟು ವಿದ್ಯಾರ್ಥಿಗಳು ಮಾತನಾಡಲು ಹೊರಟಿದ್ದುದು ಬೈಬಲಿನ ಪರೋಪಕಾರಿಯ ಕಥೆಯನ್ನು ಕುರಿತೇ! ವಿಷಯದಿಂದ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಆಗಲಿಲ್ಲ. ನಿಮಿಷಗಳನ್ನೆಣಿಸುವ ಇಲಾಖೆಯಲ್ಲಿ ಆಯುಷ್ಯವನ್ನು ಕಳೆದ ನಮಗೆ ಇದು ಆಶ್ಚರ್ಯವೆನಿಸಲಿಲ್ಲ. ದರ್ಶನದ ಸಾಲು ಮುಚ್ಚೀತೆಂದು ಓಡುವವನ ಕಣ್ಣಿಗೆ ಮೆಟ್ಟಿಲು ಮಾತ್ರ ಕಾಣುತ್ತದೆ.

ಅದೇ ಬ್ಯಾಟ್ಸನ್ 1981ರಲ್ಲಿ ಸಂಗಡಿಗರೊಡನೆ ಇನ್ನೂ ಸೂಕ್ಷ್ಮವಾದ ಪ್ರಶ್ನೆಯನ್ನೆತ್ತಿದರು. ಒಬ್ಬಳು ವಿದ್ಯುತ್ ಆಘಾತದಿಂದ ನೋಯುತ್ತಿರುವಂತೆ ತೋರಿಸಿ, ನೋಡುವವನಿಗೆ ಎದ್ದುಹೋಗಲು ಅವಕಾಶ ಕೊಟ್ಟರೆ ಅವನೇನು ಮಾಡುತ್ತಾನೆ? ತನ್ನ ಮನಸ್ಸಿನ ಕಸಿವಿಸಿಯೇ ಮುಖ್ಯವಾದವರಲ್ಲಿ ಬಹುಮಂದಿ ಎದ್ದುಹೋದರು. ಅವಳ ದುಃಖವನ್ನು ಅವಳದೆಂದೇ ಭಾವಿಸಿದವರಲ್ಲಿ ಬಹುಮಂದಿ, ಬಾಗಿಲು ತೆರೆದಿದ್ದರೂ, ಅವಳ ಸ್ಥಾನದಲ್ಲಿ ತಾವು ಕುಳಿತುಕೊಳ್ಳಲು ಒಪ್ಪಿದರು.

ಈ ಭೇದವು ಗೀತೆಯ ಶಬ್ದಪ್ರಯೋಗದಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ. ಎರಡನೆಯ ಅಧ್ಯಾಯದ ಆರಂಭದಲ್ಲಿ ಅರ್ಜುನನು ಕೃಪೆಯಿಂದ 'ಆವಿಷ್ಟ'ನಾದನೆಂದಿದೆ. ಅಲ್ಲಿ ಕೃಪೆಯೇ ಕರ್ತೃ, ಅರ್ಜುನನು ಕರ್ಮ. ಅದು ಮೈಮೇಲೆ ಬಂದದ್ದು. ಬಂದುದರ ಪರಿಣಾಮವೇನೆಂದರೆ ಬಿಲ್ಲು ಕೈಜಾರಿತು. ಶ್ರೀಕೃಷ್ಣನು ಅದನ್ನು ಹೊಗಳಲಿಲ್ಲ. ಹನ್ನೆರಡನೆಯ ಅಧ್ಯಾಯದಲ್ಲಿ ಭಕ್ತನ ಲಕ್ಷಣವನ್ನು ಹೇಳುವಾಗ 'ಕರುಣ'ವೆಂಬುದು ಭಕ್ತನಿಗೇ ವಿಶೇಷಣವಾಗಿ ನಿಂತಿದೆ. ಅದು ಬಂದು ಹೋಗುವುದಲ್ಲ, ಅವನ ಸ್ವಭಾವ. ಮೆಟ್ಟಿಲಿನ ನಾಣ್ಯವು ಬಹುಮಟ್ಟಿಗೆ ಆವೇಶದ ಕೃಪೆ. ಕೊಟ್ಟೊಡನೆ ಕಸಿವಿಸಿ ಇಳಿಯುತ್ತದೆ. ಮೇಲಿನ ಮೆಟ್ಟಿಲಿಗೆ ಹೋಗುವಷ್ಟರಲ್ಲಿ ಆ ಮುಖವೂ ಮರೆತಿರುತ್ತದೆ.

ಹಾಗಾದರೆ ಕೃತಜ್ಞತೆಯಂತಹ ಉತ್ತಮ ಭಾವವಾದರೂ ಸದಾ ಪರಹಿತಕ್ಕೇ ಒಯ್ಯುತ್ತದೆಯೇ? ಜೇಜುರಿಯೇ ಇದಕ್ಕೆ ಕಠಿಣವಾದ ಉತ್ತರವನ್ನು ಕೊಡುತ್ತದೆ. ಹರಕೆಯಂತೆ ಹೆಣ್ಣುಮಗುವನ್ನು ಖಂಡೋಬನಿಗೆ ಅರ್ಪಿಸಿ 'ಮುರಳಿ'ಯನ್ನಾಗಿ ಮಾಡುವ ಪದ್ಧತಿಯು ಅಲ್ಲಿ ಬಹುಕಾಲ ನಡೆಯಿತು. ಅರ್ಪಿಸಿದವರು ಕ್ರೂರಿಗಳೆಂದು ಹೇಳುವುದು ಸುಲಭ. ಅವರಲ್ಲಿ ಅನೇಕರು ದೇವರಿಗೆ ಕೃತಜ್ಞರಾಗಿದ್ದರು, ಮಾತಿಗೆ ತಪ್ಪಲು ಅಂಜುತ್ತಿದ್ದರು. ಕೃತಜ್ಞತೆ ತಂದೆತಾಯಿಗಳದು, ಅದರ ಋಣವನ್ನು ತೀರಿಸಿದ ಬದುಕು ಮಾತ್ರ ಮಗಳದು. ಜಾಗರಣೆಯಲ್ಲಿ ಅವಳ ಹಾಡನ್ನು ಕೇಳಿ ಮರುಗಿ ಕಾಸು ಕೊಟ್ಟವರು ತಲೆಮಾರುಗಟ್ಟಲೆ ಇದ್ದರು. ಅವರ ಮರುಕದಿಂದ ಒಂದು ಅರ್ಪಣೆಯೂ ನಿಲ್ಲಲಿಲ್ಲ.

ನಿಲ್ಲಿಸಬೇಕೆಂದು ಎದ್ದವರಲ್ಲಿ ಒಬ್ಬರು ನಮ್ಮ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು. ಪುಣೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿ, 1906ರಲ್ಲಿ ಮುಂಬಯಿಯಲ್ಲಿ ದಲಿತರ ಉದ್ಧಾರಕ್ಕಾಗಿ ಮಿಷನ್ ಸ್ಥಾಪಿಸಿದ ಅವರು ಮುರಳಿ ಪದ್ಧತಿಯ ವಿರುದ್ಧವೂ ಶ್ರಮಿಸಿದರು. ಪ್ರಾರ್ಥನಾಸಮಾಜದವರಾದ ಅವರ ತತ್ತ್ವವು ನಮಗೆ ಸಮ್ಮತವಲ್ಲ. ಆದರೆ ಅವರನ್ನು ನಡೆಸಿದ ಭಾವವನ್ನು ಗುರುತಿಸದಿರುವುದು ಅನ್ಯಾಯ. ಅದು ಕೇವಲ ಮರುಕವಲ್ಲ. ನಮ್ಮ ಸಮಾಜದಲ್ಲಿ ಇದು ನಡೆಯುತ್ತಿದೆಯಲ್ಲಾ ಎಂಬ ಲಜ್ಜೆ, ಅದರೊಡನೆ ಕೋಪ. ಕೋಪವನ್ನು ನಾವು ಅರಿಷಡ್ವರ್ಗದಲ್ಲಿ ಎಣಿಸುತ್ತೇವೆ, ನಿಜ. ಆದರೆ ಋಗ್ವೇದದ ಹತ್ತನೆಯ ಮಂಡಲದಲ್ಲಿ ಮನ್ಯುವು ದೇವತೆಯೂ ಹೌದು. ಮನ್ಯುಸೂಕ್ತವನ್ನು ಪಾರಾಯಣ ಮಾಡುವ ನಾವು ಇದನ್ನು ಮರೆಯಲಾಗದು. ತನಗಾದ ಅವಮಾನಕ್ಕೆ ಬರುವ ಸಿಟ್ಟು ಬೇರೆ, ಅಸಹಾಯರಿಗಾದ ಅನ್ಯಾಯಕ್ಕೆ ಏಳುವ ಮನ್ಯು ಬೇರೆ.

ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ, ಮಹಾರಾಷ್ಟ್ರದಲ್ಲಿ ಮತ್ತೆ 2005ರಲ್ಲಿ ಕಾಯಿದೆಗಳಾದವು. ಒಂದೇ ಕೆಲಸಕ್ಕೆ ಮತ್ತೆ ಮತ್ತೆ ಕಾಯಿದೆ ಬೇಕಾಯಿತೆಂಬುದು ಗಮನಿಸತಕ್ಕ ಸಂಗತಿ. 1982ರ ಕಾಯಿದೆಯ ನಂತರ ಕರ್ನಾಟಕದಲ್ಲಿ 1993–94ರಲ್ಲಿ ಒಮ್ಮೆ, 2007–08ರಲ್ಲಿ ಮತ್ತೊಮ್ಮೆ ಸಮೀಕ್ಷೆ ಮಾಡಿದಾಗ, ಒಟ್ಟು 46 ಸಾವಿರಕ್ಕೂ ಹೆಚ್ಚು ಮಂದಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಕಾಯಿದೆಯನ್ನು ತಂದ ಮನ್ಯುವು ಅಷ್ಟರಲ್ಲಿ ತಣಿದಿತ್ತು. ಆ ಹೆಂಗಸರ ಮನೆಯಂಗಳಕ್ಕೆ ಹೋಗಿ ಹೆಸರು ಬರೆದುಕೊಂಡು, ಮಾಸಾಶನದ ಅರ್ಜಿಯನ್ನು ತುಂಬಿಸಿ, ಮಕ್ಕಳ ಶಾಲೆಯನ್ನು ವಿಚಾರಿಸುವುದು ಯಾವ ಆವೇಶವೂ ಇಲ್ಲದ ಕೆಲಸ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಮತ್ತು ನೋಡುವವರು ಯಾರೂ ಇರುವುದಿಲ್ಲ.