ಕಣ್ಣಿದೆ, ಅಪ್ಪಣೆ ಇಲ್ಲ

ಕಾಸು ಕೊಟ್ಟು ಕೊಂಡ ಸಾಮಾನಿನ ಒಳಗಿರುವ ಶಕ್ತಿ ಯಾರದು? ಕೊಂಡವನದೋ, ಮಾರಿದವನದೋ? ಫೋನಿನ ನೆಪದಲ್ಲಿ ಈ ಪ್ರಶ್ನೆ ಎತ್ತಿದರೆ ಕೆಲವು ಗೆಳೆಯರು ನಗುತ್ತಾರೆ. ಹಸಿವು, ಭೂಮಿ, ಜಾತಿ ಎಲ್ಲ ಹಾಗೇ ಬಿದ್ದಿರುವಾಗ ಸಾಫ್ಟ್‌ವೇರ್ ಅಪ್‌ಡೇಟಿನ ಬಗ್ಗೆ ಏನ್ರೀ ತತ್ವಜ್ಞಾನ ಅಂತಾರೆ. ನಗಲಿ. ಈ ಬೀಗದ ಪ್ರಶ್ನೆ ಕೇರಿಯ ಬಾಗಿಲ ತನಕ ಬರುತ್ತದೆ.

ನಡೆದದ್ದು ಹೀಗೆ. 2008ರ ಆಗಸ್ಟ್ 22ರಂದು ಆಪಲ್ ಕಂಪನಿಯ ಐಫೋನ್ 3ಜಿ ನಮ್ಮ ದೇಶದ ಅಂಗಡಿಗಳಿಗೆ ಬಂತು. 8 ಜಿಬಿಯ ಫೋನಿಗೆ 31,000 ರೂಪಾಯಿ. ನಮ್ಮಂಥವರ ಮನೆಗಳಲ್ಲಿ ಅಷ್ಟು ದುಡ್ಡನ್ನು ಒಟ್ಟಿಗೆ ಕಂಡವರಿರಲಿಲ್ಲ. ಅದರಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು, ಫೋಟೋ ತೆಗೀತಿತ್ತು, ವಿಡಿಯೋ ಮಾತ್ರ ಇಲ್ಲ. ಅದಕ್ಕಿಂತ ಎಷ್ಟೋ ಅಗ್ಗದ ನೋಕಿಯಾಗಳು ಆಗಲೇ ವಿಡಿಯೋ ತೆಗೆಯುತ್ತಿದ್ದವು. 2009ರ ಜೂನ್ 17ಕ್ಕೆ ಕಂಪನಿ ಹಳೆಯ ಫೋನುಗಳಿಗೂ ಹೊಸ ತಂತ್ರಾಂಶ ಹಂಚಿತು. ಅಕ್ಷರಗಳನ್ನು ಕತ್ತರಿಸಿ ಅಂಟಿಸುವ ಸವಲತ್ತು ಬಂತು, ವಿಡಿಯೋ ಬರಲಿಲ್ಲ. ಎರಡೇ ದಿನಕ್ಕೆ, ಜೂನ್ 19ರಂದು, ವಿಡಿಯೋ ತೆಗೆಯುವ ಹೊಸ ಫೋನು 3ಜಿಎಸ್ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಬೇಕಾದವರು ಅದನ್ನು ಕೊಳ್ಳಲಿ ಅಂತ.

ಹಳೆಯದಕ್ಕೆ ತ್ರಾಣವೇ ಇರಲಿಲ್ಲವೇ? ಇತ್ತು. 2008ರಲ್ಲೇ ಕಂಪನಿಯ ಬೀಗ ಮುರಿದ ಹುಡುಗರು ಸೈಕಾರ್ಡರ್ ಅನ್ನುವ ತಂತ್ರಾಂಶ ಹಾಕಿಕೊಂಡು ಅದೇ ಫೋನಿನಲ್ಲಿ ವಿಡಿಯೋ ತೆಗೆದರು. 2009ರ ಡಿಸೆಂಬರಿನಲ್ಲಿ, ಹಳೆಯ ಫೋನಿನಲ್ಲಿ ತಡವರಿಸುತ್ತ ವಿಡಿಯೋ ತೆಗೆಯುವ ಒಂದು ಆ್ಯಪನ್ನು ಕಂಪನಿಯೇ ತನ್ನ ಅಂಗಡಿಯೊಳಕ್ಕೆ ಬಿಟ್ಟುಕೊಂಡಿತು. ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ.

ಕಂಪನಿಯ ಪರವಾಗಿಯೂ ಒಂದು ಮಾತಿದೆ. ಹೊಸ ಫೋನಿನ ಮೆಮೊರಿ 256 ಎಂಬಿ, ಹಳೆಯದರದು 128. ಹಳೆಯದರಲ್ಲಿ ಚಿತ್ರ ಚೆನ್ನಾಗಿ ಮೂಡೋದಿಲ್ಲ ಅನ್ನೋದು ಸುಳ್ಳಲ್ಲ. ಆದರೆ ಚೆಂದದ ಚಿತ್ರ ಬೇಕಾದ್ದು ಮದುವೆ ಮನೆಗೆ. ಹೊಡೆಸಿಕೊಂಡವನಿಗೆ ಬೇಕಾದ್ದು ಯಾರು ಹೊಡೆದರು ಅಂತ ತೋರಿಸುವ ಚಿತ್ರ, ಅದು ಎಷ್ಟೇ ಮಸುಕಾಗಿರಲಿ. 'ನಿಮಗೆ ಇದು ಚೆನ್ನಾಗಿ ಬರಲ್ಲ, ಅದಕ್ಕೇ ಕೊಡ್ತಿಲ್ಲ' ಅನ್ನುವ ಮಾತನ್ನು ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನಾವೆಲ್ಲ ಕೇಳಿಕೊಂಡೇ ಬಂದಿದ್ದೇವೆ.

ನಮ್ಮ ಹಿರಿಯರಿಗೂ ಕಣ್ಣಿತ್ತು, ನಾಲಗೆಯಿತ್ತು. ಓದುವ ಅಪ್ಪಣೆ ಇರಲಿಲ್ಲ. 1923ರಲ್ಲಿ ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಅಂತ ಠರಾವು ಮಾಡಿತು. 1924ರಲ್ಲಿ ಮಹಾಡದ ಪುರಸಭೆ ತನ್ನ ಚವದಾರ್ ಕೆರೆಯನ್ನು ತೆರೆಯಿತು. ಆ ಠರಾವಿಗಾಗಿ ಯಾರೂ ಹೊಸ ಕೆರೆ ತೋಡಲಿಲ್ಲ, ನೀರು ಮೊದಲೇ ಇತ್ತು. ಅಷ್ಟಾದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ಒಡ್ಡಬೇಕಾಯಿತು, ಆಮೇಲೆ ಆ ಜನ ಏಟೂ ತಿಂದರು. ಫೋನಿಗೂ ಕೆರೆಗೂ ಎಲ್ಲಿಯ ಹೋಲಿಕೆ ಅನ್ನಬಹುದು. ಅಲ್ಲಿ ಧರ್ಮ, ಇಲ್ಲಿ ಲಾಭ. ಗಾಯ ಒಂದೇ ಅಲ್ಲ, ಒಪ್ಪುತ್ತೇವೆ. ಇದ್ದದ್ದನ್ನು ಇಲ್ಲ ಅನ್ನಿಸುವ ಉಪಾಯ ಮಾತ್ರ ಒಂದೇ.

ವಿಡಿಯೋ ಯಾಕೆ ಅಷ್ಟು ಮುಖ್ಯ? ಕಂಬಾಲಪಲ್ಲಿಯನ್ನು ನೆನೆಯಿರಿ. ಚಿಂತಾಮಣಿ ತಾಲೂಕಿನ ಆ ಊರಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ತಿರುಗಿಬಿದ್ದವರನ್ನು ಬೈಯುವುದು ಸುಲಭ. ಅದೇ ಊರಲ್ಲಿ, ಅದೇ ಜಮೀನುಗಳ ಕೂಲಿಯನ್ನು ನಂಬಿ ಬದುಕಬೇಕಾದವರಿಗೆ ನಾಲಗೆ ಎಷ್ಟು ದಿನ ಗಟ್ಟಿಯಾಗಿ ನಿಂತೀತು? ಹೆದರಿಸಲಾಗದ ಸಾಕ್ಷಿಯೊಂದು ಬೇಕು. ಸರ್ಕಾರಕ್ಕೂ ಇದು ಗೊತ್ತು. ದೌರ್ಜನ್ಯ ತಡೆ ಕಾಯ್ದೆಯ ಮೊಕದ್ದಮೆಗಳ ಎಲ್ಲ ನಡವಳಿಗಳನ್ನೂ ವಿಡಿಯೋ ಮಾಡಬೇಕು ಅಂತ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿ ಹೇಳುತ್ತದೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಪೊಲೀಸಿನವನು ಮಂಡಿಯೂರಿದ್ದನ್ನು ಹದಿನೇಳು ವರ್ಷದ ಕಪ್ಪು ಹುಡುಗಿಯೊಬ್ಬಳು ಫೋನಿನಲ್ಲಿ ಹಿಡಿದಳು. ವೈದ್ಯಕೀಯ ತೊಂದರೆಯಿಂದ ಸಾವು ಅಂತ ಪೊಲೀಸರ ಮೊದಲ ಹೇಳಿಕೆ ಇತ್ತು. ಆ ವಿಡಿಯೋ ಇಲ್ಲದಿದ್ದರೆ ಅದೇ ಕೊನೆಯ ಹೇಳಿಕೆಯೂ ಆಗುತ್ತಿತ್ತು.

ಕ್ಯಾಮೆರಾ ತಾನಾಗೇ ನಮ್ಮ ಕಡೆಗಿರುತ್ತದೆ ಅಂತಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ದಲಿತ ಹುಡುಗರನ್ನು ಬಡಿದವರೇ ಅದನ್ನು ವಿಡಿಯೋ ಮಾಡಿ ಊರಿಗೆಲ್ಲ ಹಂಚಿದರು, ಹೆಮ್ಮೆಯಿಂದ. ಅದೇ ವಿಡಿಯೋ ಆಮೇಲೆ ದೇಶವನ್ನು ಬೀದಿಗಿಳಿಸಿತು, ಅದು ಬೇರೆ ಮಾತು. ಆ ಹುಡುಗರ ಬೆನ್ನನ್ನು ಇಡೀ ದೇಶ ನೋಡಿತಲ್ಲ, ಅವರನ್ನು ಕೇಳಿದವರ್ಯಾರು? ಇನ್ನು 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಗೆ ದಿನಕ್ಕೆ ಎರಡು ಸಲ ಫೋನಿನಲ್ಲಿ ಫೋಟೋ ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲ ಅಂದರೆ ಕೂಲಿಯೂ ಇಲ್ಲ. ಮೇಲಿನಿಂದ ಕೆಳಕ್ಕೆ ನೋಡುವ ಕಣ್ಣಿಗೆ ಯಾವತ್ತೂ ಬೀಗ ಬಿದ್ದಿಲ್ಲ. ಕೆಳಗಿನಿಂದ ಮೇಲಕ್ಕೆ ನೋಡುವ ಕಣ್ಣಿಗೇ ಹೊಸ ಮಾಡೆಲ್ ಬೇಕು.

ಅಪ್‌ಡೇಟ್ ಅನ್ನೋದು ಕೊಡುವ ಕೈಯೂ ಹೌದು, ಕಿತ್ತುಕೊಳ್ಳುವ ಕೈಯೂ ಹೌದು. 1,500 ರೂಪಾಯಿ ಠೇವಣಿಯ ಜಿಯೋಫೋನಿಗೆ 2018ರ ಸೆಪ್ಟೆಂಬರಿನಲ್ಲಿ ವಾಟ್ಸಾಪ್ ಬಂತು. ಫೋನು ಅದೇ, ಗುಂಡಿಗಳೂ ಅವೇ. ಕಂಪನಿಗೆ ಮನಸ್ಸು ಬಂದರೆ ಆಗುತ್ತದೆ. ಅದೇ 2017ರಲ್ಲಿ, ಬ್ಯಾಟರಿ ಹಳತಾದ ಐಫೋನುಗಳನ್ನು ಆಪಲ್ ಅಪ್‌ಡೇಟಿನ ಮೂಲಕ ಸದ್ದಿಲ್ಲದೆ ನಿಧಾನ ಮಾಡಿತ್ತು. ಫೋನು ದಿಢೀರನೆ ಆರಿಹೋಗದಿರಲಿ ಅಂತ ಮಾಡಿದ್ದು ಅಂತ ಆಮೇಲೆ ಹೇಳಿತು. ಜನಕ್ಕೆ ಹೇಳದೆ ಮಾಡಿದ್ದಕ್ಕೆ 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೋ ದಂಡ ಹಾಕಿತು. ಏಕಲವ್ಯನ ಹೆಬ್ಬೆರಳನ್ನಾದರೂ ಕೇಳಿ ಪಡೆದರು.

ನಾವು ಇದನ್ನು ಬರೆಯುತ್ತಿರುವ ವಿದ್ಯಾರಣ್ಯಪುರದ ಪಕ್ಕದಲ್ಲೇ ಜಾಲಹಳ್ಳಿ, ಅಲ್ಲಿ ಬಿಇಎಲ್ ಕಾರ್ಖಾನೆ. ದೇಶದ ಮತಯಂತ್ರಗಳನ್ನು ಮಾಡುವ ಎರಡು ಕಂಪನಿಗಳಲ್ಲಿ ಅದೊಂದು. ಮತಯಂತ್ರದ ಪ್ರೋಗ್ರಾಂ ಒಂದು ಸಲ ಬರೆದರೆ ಮುಗಿಯಿತು, ತಿದ್ದಲಾಗದು, ಅದೇ ಅದರ ಭದ್ರತೆ ಅನ್ನುತ್ತದೆ ಚುನಾವಣಾ ಆಯೋಗ. ಎಲ್ಲ ಯಂತ್ರಕ್ಕೂ ಎಲ್ಲವನ್ನೂ ತುಂಬಿ ಅಂತ ನಾವೂ ಹೇಳುತ್ತಿಲ್ಲ. ಯಂತ್ರದ ಮೈಯಲ್ಲಿ ತ್ರಾಣವಿದ್ದರೆ, ಹಿಡಿದವನು ಒಪ್ಪಿದರೆ, ಅದನ್ನು ತೆರೆದುಕೊಡಬೇಕು. ಕೊಡುವ ಮನಸ್ಸಿಲ್ಲದಿದ್ದರೆ ಬೇರೆಯವರು ತೆರೆಯುವುದಕ್ಕಾದರೂ ಅಡ್ಡ ಬರಬಾರದು. ಕಸಿದುಕೊಳ್ಳುವ ಮೊದಲು ಹೇಳಬೇಕು, ಕನ್ನಡದಲ್ಲಿ, ಓದಲು ಬಾರದವನಿಗೂ ತಿಳಿಯುವ ಹಾಗೆ.

ಯಾಕಂದರೆ ಕೇರಿಗೆ ಬರುವ ಫೋನು ಹೊಸದಲ್ಲ, ಎರಡೋ ಮೂರೋ ಕೈ ದಾಟಿದ್ದು. ಐಫೋನ್ 3ಜಿಗೆ ಕೊನೆಯ ಅಪ್‌ಡೇಟ್ ಬಂದದ್ದು 2010ರ ನವೆಂಬರಿನಲ್ಲಿ, ನಮ್ಮ ದೇಶಕ್ಕೆ ಬಂದು ಎರಡೂಕಾಲು ವರ್ಷಕ್ಕೆ. ಕಂಬಾಲಪಲ್ಲಿಯ ಮೊಕದ್ದಮೆ ಹೈಕೋರ್ಟಿನಲ್ಲಿ ಮುಗಿಯಲು ಹದಿನಾಲ್ಕು ವರ್ಷ ಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೋನಿನ ಕಂಪನಿ, ಮಾಡೆಲ್, ಬಣ್ಣ, ಐಎಂಇಐ ನಂಬರು ಎಲ್ಲ ಬರೆಯಬೇಕು. ಹಳ್ಳಿಯ ಮೇಷ್ಟ್ರುಗಳು ಇದನ್ನು ಹುಡುಗರಿಗೆ ಹೇಳಿಕೊಡಲಿ. ವಾಟ್ಸಾಪಿನಲ್ಲಿ ಕಳಿಸಿಯಾಯ್ತಲ್ಲ ಅಂತ ಮೂಲ ವಿಡಿಯೋ ಅಳಿಸಬೇಡಿ. ಗಾಜು ಒಡೆದಿದ್ದರೂ, ಬ್ಯಾಟರಿ ಉಬ್ಬಿದ್ದರೂ ಆ ಫೋನನ್ನು ಗುಜರಿಗೆ ಹಾಕಬೇಡಿ, ಕೇಸು ಇನ್ನೂ ನಡೆಯುತ್ತಿರುತ್ತದೆ.