ಹಾಳು ಹಂಪೆಯನ್ನು ನೋಡುವ ಕಣ್ಣು

ಉರ್ದುವಿನಲ್ಲಿ ‘ತಮಾಷಾ’ ಎಂಬ ಪದವಿದೆ. ಕನ್ನಡಕ್ಕೆ ಬರುವ ಹೊತ್ತಿಗೆ ಅದು ‘ತಮಾಷೆ’ಯಾಗಿ ನಗೆಚೇಷ್ಟೆಯ ಅರ್ಥ ಪಡೆಯಿತು. ಉರ್ದುವಿನಲ್ಲಿ ಅದರ ಮುಖ್ಯ ಅರ್ಥ ನೋಟ, ಅಂದರೆ ನಿಂತು ನೋಡಿ ಖುಷಿಪಡುವಂಥದ್ದು. ಅದೇ ಭಾಷೆಯಲ್ಲಿ ‘ಇಬ್ರತ್’ ಎಂಬ ಇನ್ನೊಂದು ಪದವೂ ಇದೆ. ನೋಡಿದ್ದರಿಂದ ಪಾಠ ಕಲಿಯುವುದು ಎಂದು ಅದರ ಅರ್ಥ. ಅರಬಿ ಮೂಲದಲ್ಲಿ ಅದಕ್ಕೆ ‘ದಾಟುವುದು’ ಎಂಬ ಭಾವವಿದೆ. ಕಣ್ಣಿಗೆ ಕಂಡದ್ದರಿಂದ ಕಾಣದ್ದರ ಕಡೆಗೆ ದಾಟುವುದು. ಅಳಿದುಹೋದ ರಾಜಧಾನಿಯೊಂದನ್ನು ನೋಡಲು ಹೋಗುವ ನಾವು ಇವೆರಡರಲ್ಲಿ ಯಾವುದನ್ನು ಮಾಡಿ ಬರುತ್ತೇವೆ?

ಹಂಪಸಾಗರದ ಸುತ್ತಿನವರಿಗೆ ಇದು ದೂರದ ಪ್ರಶ್ನೆಯಲ್ಲ. ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ, ಹೊಸಪೇಟೆ ದಾಟಿದರೆ ಹಂಪೆ. ಶಾಲೆಯ ಮಕ್ಕಳು ಹೋಗುತ್ತಾರೆ, ಮನೆಗೆ ಬಂದ ನೆಂಟರನ್ನು ಕರೆದೊಯ್ಯುತ್ತೇವೆ. ವಿರೂಪಾಕ್ಷನ ಗೋಪುರ, ಕಲ್ಲಿನ ರಥ, ಕಮಲ ಮಹಲು, ಆನೆಲಾಯ ಎಂದು ಒಂದೊಂದನ್ನೇ ಮುಗಿಸಿ, ಫೋಟೋ ತೆಗೆಸಿಕೊಂಡು, ಮಂಡಕ್ಕಿ ಮಿರ್ಚಿ ತಿಂದು ಸಂಜೆ ಬಸ್ಸು ಹತ್ತುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ದುಡಿಯುವ ಜೀವಕ್ಕೆ ಒಂದು ದಿನದ ಸಂತೋಷ ಬೇಡವೇ? ಆದರೆ ನೋಟ ಅಲ್ಲಿಗೇ ನಿಂತರೆ ಕಲ್ಲು ಬರೀ ಕಲ್ಲಾಗಿ ಉಳಿಯುತ್ತದೆ.

2019ರಲ್ಲಿ ಹಂಪೆಯ ವಿಷ್ಣು ದೇವಾಲಯದ ಆವರಣದಲ್ಲಿ ಕಂಬವನ್ನು ತಳ್ಳಿ ಬೀಳಿಸುವ ವಿಡಿಯೋ ಹರಡಿ ನಾಡೆಲ್ಲ ಮರುಗಿತು. ಸಿಕ್ಕಿಬಿದ್ದ ನಾಲ್ವರು ಯುವಕರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿತು. ಅಷ್ಟಕ್ಕೇ ಬಿಡದೆ, ಬಿದ್ದ ಕಂಬಗಳನ್ನು ಅವರಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ದಂಡದ ಹಣಕ್ಕಿಂತ ಈ ಎರಡನೆಯ ಶಿಕ್ಷೆಯೇ ದೊಡ್ಡದು. ಬೀಳಿಸಲು ಒಂದು ಕ್ಷಣ ಸಾಕು. ಎತ್ತಿ ನಿಲ್ಲಿಸಲು ಎಷ್ಟು ಹೆಗಲು ಬೇಕೆಂಬುದು ಎತ್ತುವ ಕೈಗಷ್ಟೇ ತಿಳಿಯುತ್ತದೆ. ಐದಾರು ಶತಮಾನಗಳ ಹಿಂದೆ ಅದನ್ನು ಕಡೆದು ಹೊತ್ತು ತಂದವರ ಬೆವರಿನ ತನಕ ಆ ಕೈಗಳು ದಾಟಿರಬೇಕು.

ಹಂಪೆ ಬರೀ ಕಲ್ಲಾಗಿರಲಿಲ್ಲ. 1443ರಲ್ಲಿ ಹೆರಾತಿನ ರಾಯಭಾರಿ ಅಬ್ದುರ್ ರಝಾಕ್ ಎರಡನೆಯ ದೇವರಾಯನ ಆಸ್ಥಾನಕ್ಕೆ ಬಂದಾಗ ಅವನನ್ನು ಬೆರಗುಗೊಳಿಸಿದ್ದರಲ್ಲಿ ಮುತ್ತುರತ್ನಗಳನ್ನು ಬಹಿರಂಗವಾಗಿ ಮಾರುತ್ತಿದ್ದ ಪೇಟೆಯೂ ಒಂದು. 1520ರ ಸುಮಾರಿಗೆ ಬಂದ ಪೋರ್ಚುಗೀಸ ಡೊಮಿಂಗೋ ಪಾಯಸನೂ ಬೀದಿಗಳನ್ನು, ವರ್ತಕರನ್ನು, ಜನಜಂಗುಳಿಯನ್ನು ಕಂಡು ಬರೆದ. ಅದೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹಮದ್ ಖಾನ್ ಎಂಬ ಅಧಿಕಾರಿ ಇಲ್ಲೊಂದು ಮಸೀದಿ ಕಟ್ಟಿಸಿ ಅದರ ಪುಣ್ಯ ದೊರೆಗೆ ಸಲ್ಲಲಿ ಎಂದ. ಕನ್ನಡದಲ್ಲಿರುವ ಅದರ ಶಾಸನ ಆ ಕಟ್ಟಡವನ್ನು ‘ಧರ್ಮಸಾಲೆ’ ಎಂದು ಕರೆಯುತ್ತದೆ. ಪ್ರವಾಸಿಗರ ಪಟ್ಟಿಯಲ್ಲಿ ಅದು ಅಪರೂಪ. 1565ರ ಯುದ್ಧದ ಕಥೆ ಹೇಳುವ ನಾಲಗೆಗಳು ಬೇಕಾದಷ್ಟಿವೆ. ಅದಕ್ಕೂ ಮುಂಚಿನ ಇನ್ನೂರಕ್ಕೂ ಹೆಚ್ಚು ವರ್ಷ ಇಲ್ಲಿ ಜನ ಹೇಗೆ ಕೂಡಿ ಬಾಳಿದರು ಎಂದು ಕೇಳುವವರು ಕಡಿಮೆ. ಅಳಿದದ್ದನ್ನು ಮಾತ್ರ ನೆನೆದರೆ ಸಿಟ್ಟು ಬೆಳೆಯುತ್ತದೆ, ಬಾಳಿದ್ದನ್ನೂ ನೆನೆದರೆ ವಿವೇಕ.

ಇನ್ನೊಂದು ಕಷ್ಟದ ಪ್ರಶ್ನೆಯಿದೆ. ವಿರೂಪಾಕ್ಷ ಗುಡಿಯ ಎದುರಿನ ಬೀದಿಯ ಹಳೆಯ ಸಾಲುಮಂಟಪಗಳಲ್ಲಿ ಬಡವರು ಮನೆ ಮಾಡಿಕೊಂಡಿದ್ದರು, ಅಂಗಡಿ ಹಾಕಿದ್ದರು. 2011ರ ಜುಲೈ ಕೊನೆಯಲ್ಲಿ ಜಿಲ್ಲಾಡಳಿತ ಬುಲ್ಡೋಜರ್ ತಂದು ಅವನ್ನು ತೆರವುಗೊಳಿಸಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಹಂಪೆ 1986ರಿಂದ ವಿಶ್ವ ಪರಂಪರೆಯ ತಾಣ. 1999ರಿಂದ 2006ರವರೆಗೆ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಕಂಬಗಳ ನಡುವೆ ಗೋಡೆ ಎಬ್ಬಿಸಿ, ಮೇಲೆ ಸಿಮೆಂಟು ಮೆತ್ತಿದರೆ ಮಂಟಪ ಉಳಿಯುವುದಿಲ್ಲ ಎಂಬ ಮಾತು ನ್ಯಾಯವಾದದ್ದೇ. ಹಳೆಯದನ್ನು ಕಾಯುವುದು ಮುಂದೆ ಹುಟ್ಟುವವರಿಗೆ ನಾವು ಸಲ್ಲಿಸಬೇಕಾದ ಋಣ. ಆದರೆ ಪೇಟೆಗಾಗಿ ಕಟ್ಟಿದ ಬೀದಿಯಿಂದ ಪೇಟೆಯವರನ್ನು ಎಬ್ಬಿಸಿ, ಖಾಲಿ ಬೀದಿಯನ್ನು ಪೇಟೆ ಎಂದು ತೋರಿಸುವಾಗ ನಾವು ಕಾಪಾಡಿದ್ದು ಏನನ್ನು? ಎಬ್ಬಿಸುವುದು ಅನಿವಾರ್ಯವೇ ಆಗಿದ್ದರೆ ಮೊದಲು ಸೂರು ಕೊಟ್ಟು ಆಮೇಲೆ ಎಬ್ಬಿಸಬೇಕಿತ್ತು. ಅಲ್ಲಿ ಆದದ್ದು ಹಿಂದುಮುಂದು. ನಿವೇಶನಕ್ಕಾಗಿ, ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಅಲೆದರು.

ಎಬ್ಬಿಸುವುದು ಅಂದರೆ ಏನೆಂದು ನಮ್ಮ ಸೀಮೆಗೆ ಹೇಳಿಕೊಡಬೇಕಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಡೆಯ ಪಾಲಾದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ನೆಲೆ ಬಿಟ್ಟರು. ಆ ನೀರಿನಿಂದ ಲಕ್ಷಾಂತರ ಎಕರೆ ಹಸಿರಾಯಿತು, ನಿಜ. ಇಂದು ಅಣೆಕಟ್ಟೆಯೂ ಅದರ ಕೆಳಗಿನ ಉದ್ಯಾನವೂ ಹಂಪೆಗೆ ಬಂದವರು ನೋಡಿ ಹೋಗುವ ತಾಣ. ಆದರೆ ನೀರಿನಡಿಯ ಹೊಲಮನೆಗಳ ನೆನಪಿಗೆ ಟಿಕೆಟ್ಟೂ ಇಲ್ಲ, ಮಾರ್ಗದರ್ಶಿಯೂ ಇಲ್ಲ. ರಾಜರ ಹಾಳೂರು ಪರಂಪರೆಯಾಗುತ್ತದೆ. ರೈತರ ಹಾಳೂರು ಮುಳುಗಡೆ ಪ್ರದೇಶ ಎನಿಸಿಕೊಳ್ಳುತ್ತದೆ. ಈ ತಾರತಮ್ಯ ಕಲ್ಲಿನದಲ್ಲ, ನಮ್ಮ ಕಣ್ಣಿನದು.

ಹಾಗೆಂದು ಹಂಪೆಗೆ ಹೋಗಬಾರದು ಎಂದಲ್ಲ. ಹೋಗಬೇಕು, ಮಕ್ಕಳನ್ನೂ ಕರೆದೊಯ್ಯಬೇಕು. ಇದನ್ನು ಯಾವ ರಾಜ ಕಟ್ಟಿಸಿದ ಎಂಬ ಪ್ರಶ್ನೆಯ ಜೊತೆಗೆ ಇನ್ನೂ ಮೂರನ್ನು ಕೇಳಿಸಬೇಕು. ಈ ಕಲ್ಲು ಕಡೆದವರು ಯಾರು? ಅವರಿಗೆ ಅನ್ನ, ನೀರು ಒದಗಿಸಿದವರು ಯಾರು? ಮೊನ್ನೆ ಮೊನ್ನೆಯವರೆಗೂ ಈ ಮಂಟಪಗಳಲ್ಲಿ ಅಂಗಡಿ ಇಟ್ಟಿದ್ದವರು ಎಲ್ಲಿ ಹೋದರು? ಮೊದಲೆರಡಕ್ಕೆ ಶಾಸನಗಳನ್ನು ತಡಕಬೇಕಾದೀತು. ಮೂರನೆಯದಕ್ಕೆ ಬೇಡ. ಅವರಿಗೆ ಜಾಗ ತೋರಿಸಿದ ಕಡ್ಡಿರಾಂಪುರ ಹಂಪೆಯಿಂದ ನಾಲ್ಕೇ ಕಿಲೋಮೀಟರು. ವಿಜಯನಗರ ಕಾಲದ ಮುಸಲ್ಮಾನರ ಹಳೆಯ ಗೋರಿಗಳೂ ಅಲ್ಲೇ ಇವೆ. ನೋಡುವ ಪಟ್ಟಿಯಲ್ಲಿ ಆ ಊರನ್ನೂ ಸೇರಿಸಿಕೊಳ್ಳಬಹುದು.